ಬಾಕಿಗೆ ಬಂದ ಬೆಕ್ಕು

ಹದಿನೆಂಟು ಸಾವಿರದ ನಾಕ್ನೂರು
ನಮ್ಮ ಬಾಕಿ.
ಒಂದು ಪ್ಯಾಂಟಿಗೆ ಐದು ಲೂಪು, ಒಂದು ಜಿಪ್ಪು,
ಕೂಲಿ ಎಂಟು ರೂಪಾಯಿ.
ಎಷ್ಟು ಪ್ಯಾಂಟು ಅಂತ ನೀವೇ ಭಾಗಿಸ್ರಿ,
ನನ್ನ ಬೆನ್ನು ಆಗಲೇ ಭಾಗಿಸೈತಿ.

ಯುನಿಟ್ಟಿಗೆ ಬೀಗ ಬಿದ್ದ ದಿನ
ಮಾಲಕ ಗಾದಿಲಿಂಗಪ್ಪ ಕೈಮುಗಿದು ನಿಂತ.
ಮಷೀನು ಬ್ಯಾಂಕಿಂದು, ಬಟ್ಟಿ ಸಾಲದ್ದು,
ನಂದು ಅಂತ ಉಳಿದದ್ದು ಇದೊಂದೇ ಎರ್ರೆಮ್ಮಾ,
ಅಂತ ಬುಟ್ಟಿ ಮುಂದ ಸರಿಸಿದ.
ಪರ್ಷಿಯನ್. ತಂದಾಗ ಇಪ್ಪತ್ತೈದು ಸಾವಿರ.
ಮೇಲಿನ ಆರು ಸಾವಿರದ ಆರ್ನೂರು ನೀನೇ ಇಟ್ಕೋ,
ಅಂದ, ದಾನ ಕೊಟ್ಟೋರಂಗ.

ಜೋಡಿಗೆ ಒಂದು ಕಾಗದ, ಹಾಳಿ ತುಂಬ ಇಂಗ್ಲೀಷು.
ಮಗಳು ಓದಿದಳು: ಅಪ್ಪ, ಅಪ್ಪನ ಅಪ್ಪ, ಅವ್ವನ ಅವ್ವ,
ನಾಕು ತಲಿ ಹೆಸರು, ಹುಟ್ಟಿದ ತಾರೀಖು, ಕಣ್ಣಿನ ಬಣ್ಣ.
ನಮ್ಮಾತ ನಕ್ಕ.
ಜಾತಿ ಸರ್ಟಿಫಿಕೇಟಿಗೆ
ಮುತ್ತಾತನ ಹೆಸರು ಕೇಳಿದ್ದಕ್ಕ
ತಾಲೂಕು ಆಫೀಸಿನ ಕಟ್ಟಿ ಮ್ಯಾಲೆ ಕುಂತು
ಮುಂಜಾನಿ ಪೂರಾ ನೆನಿಸಿದೋನು ಆತ.
ಕಡೀಕೆ ದೊಡ್ಡೆರ್ರಪ್ಪ ಅಂತ ಬರಿಸಿ ಬಂದ.
ನಿಜವೋ ಸುಳ್ಳೋ, ಎರ್ರಿತಾತಗೇ ಗೊತ್ತು.

ಇದರ ಕಾಳಿನ ಚೀಲ ಕಿಲೋಕ್ಕ ಆರ್ನೂರು.
ನಾವು ಒಗ್ಗರಣಿ ಇಟ್ವಿ, ಹಾಲು ಕಲಸಿದ ಅನ್ನ ಇಟ್ವಿ.
ಮೂಸಿ ನೋಡಿ, ಮುಂಗಾಲಿಂದ ಸುತ್ತ ನೆಲ ಕೆರೆದು
ಹೊಲಸು ಮುಚ್ಚಿದಂಗ ಮಾಡ್ತು.
ಓಣಿ ಕರೇ ಬೆಕ್ಕು ಬಂದು ತಿಂದು
ಬಾಯಿ ಒರೆಸಿಕೊಂಡು ಹೋತು.
ಆಮ್ಯಾಲೆ ಕೂಲರು, ಬಾಡಿಗಿಗೆ.
ಅದರ ಮುಂದ ಬೆಕ್ಕು ಮಲಗತೈತಿ,
ಬೆಕ್ಕಿನ ಹಿಂದ ನಾವು ಮೂರು ಮಂದಿ.
ಬಳ್ಳಾರಿಯಾಗ ಇರೋದು ಎರಡೇ ಕಾಲ,
ಬ್ಯಾಸಗಿ, ದೊಡ್ಡ ಬ್ಯಾಸಗಿ.

ದನದ ದವಾಖಾನಿ ಡಾಕ್ಟರು
ಹೆಗಲ ತನಕ ಎಮ್ಮಿ ಹೊಟ್ಟ್ಯಾಗ ಕೈ ಹಾಕಿದೋರು,
ಇದರ ಮೂಗು ಎಲ್ಲೈತಿ ಅಂತ ಕನ್ನಡಕ ಹುಡುಕಿದರು.
ಔಷಧಿ ಎಮ್ಮಿ ತೂಕಕ್ಕ ಬರೆದೈತಿ ತಂಗೀ,
ನೂರು ಪಾಲು ಮಾಡು, ಒಂದು ಪಾಲು ಹಾಕು.
ಉಳಿದ ತೊಂಬತ್ತೊಂಬತ್ತು ಪಾಲು
ಇನ್ನೂ ಗೂಡಿನಾಗ ಅದಾವ.
ಎಮ್ಮಿ ಒಂದು ಇಲ್ಲ.

ತಿಂಗಳಾಗೂದ್ರಾಗ ಬಿಳೇ ಬೆಕ್ಕು ನೀಲಿ ಆತು.
ಈ ಮನ್ಯಾಗ ಹಂಗೇ: ಉಗುರು ನೀಲಿ,
ಸೀನಿದ ಕರ್ಚೀಪು ನೀಲಿ, ರೊಟ್ಟಿ ಹಿಟ್ಟಿಗೂ ನೀಲಿ ಎಳೆ.
ಕಾಗದದಾಗ ಮಾತ್ರ ಬಣ್ಣ ಬಿಳಿ ಅಂತ ಐತಿ.

ಒಂದು ಮಧ್ಯಾಹ್ನ ಕರೆಂಟು ಹೋತು,
ಬಾಯಿ ತೆರೆದು ನಾಯಿ ಹಂಗ ಏದಕ ಹತ್ತಿತು.
ದಾರ ಕತ್ತರಿಸೋ ಕತ್ತರಿ ತಗೊಂಡೆ.
ಇಪ್ಪತ್ತೈದು ಸಾವಿರ ಗಂಟು ಗಂಟಾಗಿ
ನೆಲದ ಮ್ಯಾಲೆ ಬಿತ್ತು, ಒಂದು ಮೊರ ತುಂಬ.
ಒಳಗ ಇದ್ದದ್ದು
ಪೋಣಿಸಿದ ಕಡ್ಲಿಯಂಥ ಬೆನ್ನೆಲುಬು,
ಬೆಚ್ಚನ್ನ ಹೊಟ್ಟಿ,
ಓಣಿ ಕರೇ ಬೆಕ್ಕಿನಷ್ಟೇ ಒಂದು ಬೆಕ್ಕು.

ಮಾರಾಕ ಇಟ್ಟಿದ್ವಿ, ಸುಳ್ಳು ಯಾಕ ಹೇಳಲಿ.
ಹೊಸಪೇಟೆ ಗಿರಾಕಿ ಬಂದ,
ಕಾಗದ ನೋಡಿದ, ಬೆಕ್ಕು ನೋಡಿದ,
ಮತ್ತ ಕಾಗದ ನೋಡಿದ.
ಕೂದಲು ಬರಲಿ, ಅಂದ, ದಸರಾ ಆಗಲಿ,
ಹದಿನೈದು ಕೊಡ್ತೀನಿ.

ಈಗ ದೀಪಾವಳಿ ಹೋಗಿ ಎಂಟು ದಿನ.
ಮಗಳ ಫೀಸಿನ ಚೀಟಿ ದೇವರ ಫೋಟೋ ಹಿಂದ ಐತಿ.
ಹೊಸ ಮಾಲಕ ಪ್ಯಾಂಟಿಗೆ ಏಳೂವರಿ ಕೊಡ್ತಾನ.
ರಾತ್ರಿ ಮಷೀನು ನಿಂತಮ್ಯಾಲೆ ತೊಡಿ ಏರತೈತಿ,
ಅದರೊಳಗೂ ಒಂದು ಸಣ್ಣ ಮೋಟರು,
ಬಾಬಿನ್ ಸುತ್ತೋ ಸದ್ದು, ಬಿಲ್ ಬರಲಾರದ್ದು.
ಕತ್ತರಿ ಹೆಂಗೂ ಕೈಯಾಗೇ ಇರತೈತಿ.

ಕೂದಲು ಬಂದಾವೇನಮ್ಮ,
ಅಂತ ಎರಡು ಸಲ ಫೋನು ಬಂತು.
ಎಲ್ಲಿ ಬರ್ತಾವ್ರೀ,
ಬ್ಯಾಸಗಿ ಇನ್ನೂ ಮುಗಿದಿಲ್ಲ ಇಲ್ಲಿ,
ಅಂದೆ. ನಮ್ಮೂರಾಗ ಎರಡೇ ಕಾಲ,
ನಿಮಗ ಗೊತ್ತೈತಲ್ಲ.